ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಟೈರಿನ ಜೋಡಿ: ಮುಂದಿನ ಗಾಲಿಯ ಮುನ್ನಡೆಯನ್ನು ಅಳೆಯುವ ಬಗೆ

ಬೆಂಗಳೂರಿನ ವಿಶ್ವೇಶ್ವರಪುರಂ ಬಡಾವಣೆಯ ಮಿನರ್ವ ವೃತ್ತದಿಂದ ಪುರಭವನದ ಕಡೆಗೆ ಸಾಗುವ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೂ ಟೈರುಗಳಿಗೂ ಹೆಸರಾದ ಸ್ಥಳ. ಕಲಾಸಿಪಾಳ್ಯದ ಬಸ್ ನಿಲ್ದಾಣವೂ ಸಮೀಪದಲ್ಲಿಯೇ ಇರುವುದರಿಂದ ಹೊರಗಿನಿಂದ ಬರುವ ರೈತರಿಗೆ ಅನುಕೂಲ. ಇಂಥ ಪೇಟೆಯಲ್ಲಿ ಟ್ರ್ಯಾಕ್ಟರಿನ ಟೈರು ಕೊಳ್ಳುವವನು ಸಾಮಾನ್ಯವಾಗಿ ಎದುರಿಸುವ ಪ್ರಶ್ನೆ ಒಂದೇ: ರಿಮ್ಮು ಎಷ್ಟು ಇಂಚು? ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಆ ಒಂದು ಪ್ರಶ್ನೆ ಬಹುಮಟ್ಟಿಗೆ ಸಾಕು. ಅದರ ಮುಂದಿನ ಗಾಲಿಗಳು ಭಾರ ಹೊರುವುದಕ್ಕೂ ದಿಕ್ಕು ತಿರುಗಿಸುವುದಕ್ಕೂ ಮಾತ್ರ ಇರುವುವು. ಅವು ಒಂದಂಗುಲ ಎತ್ತರವಾಗಲಿ ತಗ್ಗಾಗಲಿ, ಹಿಂದಿನ ಗಾಲಿಗಳಿಗೆ ಅದರ ಗೊಡವೆಯಿಲ್ಲ. ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಇದೇ ಕ್ರಮವನ್ನು ಅನುಸರಿಸಿದರೆ ಒಂದು ಜೊತೆ ಟೈರಿನ ಉಳಿತಾಯಕ್ಕೆ ಮುಂದಿನ ಅಚ್ಚಿನ ಗೇರುಗಳನ್ನೇ ತೆರಬೇಕಾಗಬಹುದು.

ನಮ್ಮ ರೈತರಿಗೆ ಈ ವಿಷಯ ಹೊಸದಾಗಿ ಕಾಣುವುದಕ್ಕೆ ಕಾರಣವುಂಟು. ಬಹುಕಾಲ ನಮ್ಮ ಹೊಲಗಳಲ್ಲಿ ಓಡಾಡಿದ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಎರಡು ಚಕ್ರ ಚಾಲನೆಯವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್.ಎಂ.ಟಿ. ಸಂಸ್ಥೆ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಸತೊಡಗಿತು. ಆ ತಲೆಮಾರಿನ ಯಂತ್ರಗಳ ಮೇಲೆ ಕಲಿತ ಚಾಲಕರೂ ಮೆಕ್ಯಾನಿಕ್‌ಗಳೂ ಮುಂದಿನ ಟೈರನ್ನು ಕೈಗಾಡಿಯ ಗಾಲಿಯಂತೆ ಕಂಡರು. ಆ ಟ್ರ್ಯಾಕ್ಟರುಗಳ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ. ಅಗಲ ಕಿರಿದಾದ ಸಣ್ಣ ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರುಗಳನ್ನು ಬಳಕೆಗೆ ತಂದವುಗಳಲ್ಲಿ, ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾಗಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗ ಪಡೆದ ವಿ.ಎಸ್.ಟಿ. ಒಂದು. ದ್ರಾಕ್ಷಿ ತೋಟದ ಸಾಲುಗಳ ನಡುವೆ ಇಂಥ ಯಂತ್ರ ಸಲೀಸಾಗಿ ಹಾಯುತ್ತದೆ. ಈಗ 45–55 ಅಶ್ವಶಕ್ತಿಯ ಟ್ರ್ಯಾಕ್ಟರುಗಳಲ್ಲಿಯೂ ನಾಲ್ಕು ಚಕ್ರ ಚಾಲನೆಯವು ದೊರೆಯುತ್ತವೆ. ತುಂಗಭದ್ರಾ, ಭದ್ರಾ, ಕಾವೇರಿ ಅಚ್ಚುಕಟ್ಟುಗಳ ಭತ್ತದ ಗದ್ದೆಗಳಲ್ಲಿ ಕೆಸರು ಮಾಡಲು ಅವುಗಳಿಗೆ ಬೇಡಿಕೆ ಹೆಚ್ಚು. ಯಂತ್ರ ಬದಲಾಗಿದೆ, ಟೈರು ಕೊಳ್ಳುವ ಕ್ರಮ ಮಾತ್ರ ಹಳೆಯದೇ ಉಳಿದಿದೆ.

ಮುಂದಿನ ಗಾಲಿ ಎಷ್ಟು ಬೇಗ ತಿರುಗಬೇಕು?

ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಎಂಜಿನಿನ ಶಕ್ತಿ ಹಿಂದಿನ ಅಚ್ಚಿಗೆ ಹೋಗುವುದಲ್ಲದೆ, ಗೇರುಪೆಟ್ಟಿಗೆಯಿಂದ ಹೊರಟ ಒಂದು ದಂಡದ ಮೂಲಕ ಮುಂದಿನ ಅಚ್ಚಿಗೂ ಹೋಗುತ್ತದೆ. ಲಿವರ್ ಹಾಕಿದ ಕೂಡಲೇ ಎರಡು ಅಚ್ಚುಗಳೂ ಹಲ್ಲಿಗೆ ಹಲ್ಲು ಕೂಡಿ ಒಂದಾಗುತ್ತವೆ. ಎಡಗಾಲಿ ಬಲಗಾಲಿಗಳ ನಡುವೆ ಡಿಫರೆನ್ಷಿಯಲ್ ಇರುವಂತೆ ಮುಂದಿನ ಹಿಂದಿನ ಅಚ್ಚುಗಳ ನಡುವೆ ಏನೂ ಇಲ್ಲ. ಹಿಂದಿನ ಗಾಲಿ 10 ಸುತ್ತು ತಿರುಗಿದರೆ ಮುಂದಿನ ಗಾಲಿ 14 ಸುತ್ತು ತಿರುಗಲೇಬೇಕು ಎಂಬಂತೆ, ಆಯಾ ಮಾದರಿಯ ಪ್ರಮಾಣವನ್ನು ಕಾರ್ಖಾನೆಯಲ್ಲಿ ಗೇರಿನ ಹಲ್ಲುಗಳೇ ನಿಶ್ಚಯಿಸಿಬಿಟ್ಟಿರುತ್ತವೆ. ಇದಕ್ಕೆ ಅಚ್ಚುಗಳ ಗೇರು ಪ್ರಮಾಣ ಎನ್ನಬಹುದು. ಮೇಲಿನ ಉದಾಹರಣೆಯಲ್ಲಿ ಅದು 1.40.

ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದು. ಒಂದೇ ದೂರ ಹೋಗಲು ಚಿಕ್ಕದು ಹೆಚ್ಚು ಸುತ್ತು ತಿರುಗಬೇಕು ಎಂಬುದು ಎಲ್ಲರಿಗೂ ತಿಳಿದದ್ದೇ. ಹಾಗಾದರೆ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ನೆಲದ ಮೇಲೆ ಸರಿಸಮನಾಗಿ ಓಡುವಂತೆ ಪ್ರಮಾಣ ಇಟ್ಟಿರುತ್ತಾರೆಯೇ ಎಂದರೆ, ಇಲ್ಲ. ಮುಂದಿನ ಗಾಲಿ ತುಸು ಬಿರುಸಾಗಿಯೇ ಓಡುವಂತೆ ಬೇಕೆಂದೇ ಮಾಡಿರುತ್ತಾರೆ. ಈ ಹೆಚ್ಚಳವನ್ನು ಇಲ್ಲಿ ‘ಮುನ್ನಡೆ’ ಎಂದು ಕರೆಯೋಣ. ಅದು ಸಾಮಾನ್ಯವಾಗಿ ಶೇಕಡಾ 1ರಿಂದ 5ರ ಒಳಗಿರಬೇಕು. 2ರಿಂದ 4ರೊಳಗಿದ್ದರೆ ನಿಶ್ಚಿಂತೆ. ಸೊನ್ನೆಗಿಂತ ಕೆಳಗಿಳಿದರೆ ಅದು ‘ಹಿನ್ನಡೆ’; ಅದು ಕೂಡದು. ಶೇಕಡಾ 6 ದಾಟಿದರೆ ಅತಿಯಾಯಿತು.

ಮುನ್ನಡೆ ಏಕೆ ಬೇಕೆಂಬುದನ್ನು ತಿಳಿಯಲು ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಕರಿಕೆ ಬೇರು ಕೀಳಲು ಹೂಡುತ್ತಿದ್ದ ಹಲವು ಜೊತೆ ಎತ್ತಿನ ಕಬ್ಬಿಣದ ನೇಗಿಲನ್ನು ನೆನೆದರೆ ಸಾಕು. ಸರಪಳಿಗೆ ಹಿಂದೆ ಮುಂದೆ ಕಟ್ಟಿದ ಜೊತೆಗಳಲ್ಲಿ ಮುಂದಿನದು ತುಸು ಚುರುಕಾಗಿರಬೇಕು. ಆಗ ಸರಪಳಿ ಬಿಗಿಯಾಗಿರುತ್ತದೆ, ಎಲ್ಲ ಎತ್ತುಗಳೂ ಎಳೆಯುತ್ತವೆ. ಮುಂದಿನ ಜೊತೆ ಸೋಮಾರಿಯಾದರೆ ಸರಪಳಿ ಸಡಿಲಾಗಿ ನೆಲಕ್ಕೆ ಬೀಳುತ್ತದೆ. ಹಿಂದಿನ ಜೊತೆ ನೇಗಿಲನ್ನು ಎಳೆಯುವುದರೊಂದಿಗೆ ಮುಂದಿನವನ್ನು ದಬ್ಬುತ್ತಲೂ ಹೋಗಬೇಕಾಗುತ್ತದೆ. ಹಿನ್ನಡೆಯಿರುವ ಟ್ರ್ಯಾಕ್ಟರಿನ ಸ್ಥಿತಿಯೂ ಇದೇ.

ಇದನ್ನು ಲೆಕ್ಕದಲ್ಲಿಯೂ ನೋಡಬಹುದು. ಉಳುಮೆಯಲ್ಲಿ ಹಿಂದಿನ ಗಾಲಿ ಶೇಕಡಾ 10ರಷ್ಟು ಜಾರುತ್ತಿದೆಯೆನ್ನಿ. 100 ಅಡಿ ಉರುಳಬೇಕಾದಲ್ಲಿ ಟ್ರ್ಯಾಕ್ಟರು 90 ಅಡಿ ಸಾಗುತ್ತದೆ. ಮುನ್ನಡೆ ಶೇಕಡಾ 3 ಇದ್ದರೆ ಅಷ್ಟರಲ್ಲಿ ಮುಂದಿನ ಗಾಲಿ 103 ಅಡಿ ಉರುಳಿರುತ್ತದೆ. ಅದರ ಜಾರುವಿಕೆ ಸುಮಾರು ಶೇಕಡಾ 12.6. ಎರಡೂ ಗಾಲಿಗಳು ಮಣ್ಣನ್ನು ಹಿಂದಕ್ಕೆ ಒತ್ತುತ್ತಿವೆ, ಎರಡೂ ಎಳೆಯುತ್ತಿವೆ. ಈಗ ಟೈರು ಬದಲಾಗಿ ಮುಂದೆ ಶೇಕಡಾ 4 ಹಿನ್ನಡೆಯಾಯಿತೆನ್ನಿ. ಮುಂದಿನ ಗಾಲಿ 96 ಅಡಿ ಉರುಳಿದೆ. ಭಾರದ ಉಳುಮೆಯಲ್ಲಿ ಟ್ರ್ಯಾಕ್ಟರು 90 ಅಡಿ ಮಾತ್ರ ಸಾಗುವುದರಿಂದ ಅದೂ ಹೇಗೋ ಸ್ವಲ್ಪ ಎಳೆಯುತ್ತದೆ. ಹರಗುವಂಥ ಹಗುರ ಕೆಲಸದಲ್ಲಿ ಹಿಂದಿನ ಗಾಲಿ ಶೇಕಡಾ 2ರಷ್ಟೇ ಜಾರಿದರೆ ಟ್ರ್ಯಾಕ್ಟರು 98 ಅಡಿ ಸಾಗುತ್ತದೆ, ಮುಂದಿನ ಗಾಲಿಯ ಪಾಲು 96 ಅಡಿ ಮಾತ್ರ. ಉಳಿದ ಎರಡಡಿಯನ್ನು ಅದು ನೆಲಕ್ಕೆ ಉಜ್ಜಿಕೊಂಡೇ ಬರಬೇಕು. ಈಗ ಮುಂದಿನ ಗಾಲಿ ಬ್ರೇಕು ಹಿಡಿದಂತೆ. ರೈತ ಡೀಸೆಲ್ ಸುಟ್ಟು ಹಿಂದಿನ ಗಾಲಿಯಿಂದ ತಳ್ಳುತ್ತಾನೆ, ಅದೇ ಡೀಸೆಲಿನ ಒಂದು ಭಾಗ ಮುಂದಿನ ಗಾಲಿಯಲ್ಲಿ ತಡೆಯಾಗಿ ಕೂರುತ್ತದೆ. ಆ ತಡೆಯ ಒತ್ತಡ ಮುಂದಿನ ಅಚ್ಚಿನಿಂದ ದಂಡದ ಮೂಲಕ ಗೇರುಪೆಟ್ಟಿಗೆಗೆ ಮರಳಿ ಬರುತ್ತದೆ. ನಡುವೆ ಸಿಕ್ಕಿದ ಗೇರು, ಬೇರಿಂಗು, ಜಾಯಿಂಟುಗಳು ತಿರುಚಿದ ಹಗ್ಗದಂತೆ ಬಿಗಿದುಕೊಳ್ಳುತ್ತವೆ.

ಮುನ್ನಡೆ ಅತಿಯಾದರೆ ತೊಂದರೆ ಬೇರೆ ಬಗೆಯದು. ಮುಂದಿನ ಟೈರು ತನ್ನ ಪಾಲಿಗಿಂತ ಹೆಚ್ಚು ಎಳೆಯಲು ಹೋಗಿ ಜಾರುತ್ತದೆ, ಬೇಗ ಸವೆಯುತ್ತದೆ. ಹಗುರವಾಗಿ ಕಟ್ಟಿದ ಮುಂದಿನ ಅಚ್ಚಿನ ಮೇಲೆ ಹೊರಲಾರದ ಹೊರೆ ಬೀಳುತ್ತದೆ.

ಟೈರಿನ ಮೇಲಿನ ಅಂಕಿ ಹೇಳದಿರುವುದು

ಟೈರಿನ ಪಕ್ಕೆಯಲ್ಲಿ 16.9-28 ಎಂದು ಬರೆದಿದ್ದರೆ ಮೊದಲ ಅಂಕಿ ಟೈರಿನ ಅಗಲ ಸುಮಾರು 16.9 ಇಂಚು ಎಂದೂ, ಎರಡನೆಯದು ರಿಮ್ಮಿನ ವ್ಯಾಸ 28 ಇಂಚು ಎಂದೂ ಹೇಳುತ್ತವೆ. ನಡುವೆ ಅಡ್ಡಗೆರೆಯ ಬದಲು ಆರ್ ಅಕ್ಷರವಿದ್ದರೆ ಅದು ರೇಡಿಯಲ್ ಟೈರು. ಟೈರಿನ ಒಟ್ಟು ಎತ್ತರವೆಷ್ಟು, ಒಂದು ಸುತ್ತಿಗೆ ಅದು ಎಷ್ಟು ದೂರ ಉರುಳುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ನಾಲ್ಕು ಚಕ್ರ ಚಾಲನೆಗೆ ಬೇಕಾದುದು ಅದೊಂದೇ.

28 ಇಂಚಿನ ರಿಮ್ಮಿನ ಟೈರುಗಳನ್ನೇ ನೋಡಿ. 13.6-28, 14.9-28, 16.9-28 ಮೂರೂ ನಮ್ಮಲ್ಲಿ ಬಳಕೆಯಲ್ಲಿವೆ. ಇವುಗಳಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಟೈರಿನ ಎತ್ತರ ಸುಮಾರು ಶೇಕಡಾ 4ರಿಂದ 5ರಷ್ಟು ಹೆಚ್ಚುತ್ತದೆ. ರಿಮ್ಮಿನ ಅಗಲ ಹೊಂದಿದಲ್ಲಿ ಕೆಲವರು ಹಿಂದಕ್ಕೆ ದಪ್ಪ ಟೈರು ಹಾಕಿಸುವುದುಂಟು. ಕೆಸರಿನಲ್ಲಿ ಹೂಳುವುದಿಲ್ಲ, ಟ್ರೈಲರಿಗೆ ಹಿಡಿತ ಚೆನ್ನಾಗಿರುತ್ತದೆ, ನೋಡುವುದಕ್ಕೂ ಗಂಭೀರ ಎಂಬುದು ಅವರ ವಾದ. ಎರಡು ಚಕ್ರ ಚಾಲನೆಯಲ್ಲಿ ವೇಗ ತುಸು ಹೆಚ್ಚಿ ಎಳೆತ ತುಸು ಕಡಿಮೆಯಾಗುವುದರ ಹೊರತು ಇದರಿಂದ ದೊಡ್ಡ ಬಾಧಕವಿಲ್ಲ. ನಾಲ್ಕು ಚಕ್ರ ಚಾಲನೆಯಲ್ಲಿ ಆ ಒಂದು ಮೆಟ್ಟಿಲು ಶೇಕಡಾ 3ರ ಮುನ್ನಡೆಯನ್ನು ಪೂರ್ತಿ ನುಂಗಿ ಹಿನ್ನಡೆಗೆ ಇಳಿಸುತ್ತದೆ. ಹಿಂದಿನದನ್ನು ಒಂದು ಮೆಟ್ಟಿಲು ಏರಿಸಿದರೆ ಮುಂದಿನದನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕು. ಅಂಥ ಮುಂದಿನ ಟೈರು ದೊರೆಯುವುದೇ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಂಜಿನಿನ ಪಕ್ಕಕ್ಕೆ ತಗಲುವುದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಕಂಪನಿಗಳು ಕೊಡುವ ಜೋಡಿಗಳಲ್ಲಿ ಮುಂದೆ 8-18ಕ್ಕೆ ಹಿಂದೆ 13.6-28, ಮುಂದೆ 9.5-24ಕ್ಕೆ ಹಿಂದೆ 16.9-28 ಮೊದಲಾದವು ಸಾಮಾನ್ಯ. ಆದರೆ ಈ ಜೋಡಿಯನ್ನು ಬಾಯಿಪಾಠ ಮಾಡಿಕೊಂಡು ಎಲ್ಲ ಟ್ರ್ಯಾಕ್ಟರಿಗೂ ಹೊಂದಿಸಬಾರದು. ಗೇರು ಪ್ರಮಾಣ ಮಾದರಿಯಿಂದ ಮಾದರಿಗೆ ಬೇರೆ. ಒಂದೇ ಮಾದರಿಯನ್ನು ಎರಡು ಬಗೆಯ ಟೈರುಗಳೊಡನೆ ಮಾರುವಾಗ ಮುಂದಿನ ಅಚ್ಚಿನ ಗೇರುಗಳನ್ನೂ ಬದಲಿಸಿ ಕೊಡುವುದುಂಟು. ನೆರೆಯವನ ಟ್ರ್ಯಾಕ್ಟರಿಗೆ ಕೂಡಿದ್ದು ತನ್ನದಕ್ಕೂ ಕೂಡೀತೆಂದು ಹೇಳಲಾಗದು.

ಇನ್ನೊಂದು ಸೂಕ್ಷ್ಮ. ಒಂದೇ ಅಂಕಿಯ ಟೈರುಗಳು ಕಂಪನಿಯಿಂದ ಕಂಪನಿಗೆ ಎತ್ತರದಲ್ಲಿ ಒಂದೆರಡು ಸೆಂಟಿಮೀಟರು ಹೆಚ್ಚು ಕಡಿಮೆ ಇರುತ್ತವೆ. ಎತ್ತರದಲ್ಲಿ 2 ಸೆಂ.ಮೀ. ವ್ಯತ್ಯಾಸವೆಂದರೆ ಒಂದು ಸುತ್ತಿಗೆ 6 ಸೆಂ.ಮೀ.ಗೂ ಹೆಚ್ಚು. ರೇಡಿಯಲ್ ಟೈರು ಭಾರಕ್ಕೆ ಹೆಚ್ಚು ಚಪ್ಪಟೆಯಾಗುತ್ತದೆ, ಆದ್ದರಿಂದ ಮುಂದೆ ರೇಡಿಯಲ್, ಹಿಂದೆ ಸಾಮಾನ್ಯ ಟೈರು ಎಂಬ ಬೆರಕೆ ಬೇಡ.

ಸವೆತದ ಲೆಕ್ಕ

ಹೆಚ್ಚಿನ ರೈತರಿಗೆ ಎದುರಾಗುವ ಪ್ರಶ್ನೆ ಬೇರೆ ಅಳತೆಯ ಟೈರಿನದಲ್ಲ, ಅದೇ ಅಳತೆಯ ಹೊಸ ಟೈರಿನದು. ನಾಲ್ಕೂ ಒಟ್ಟಿಗೆ ಸವೆಯುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಕೊಳ್ಳುವಷ್ಟು ಹಣವೂ ಎಲ್ಲರ ಕೈಯಲ್ಲಿರುವುದಿಲ್ಲ.

ಲೆಕ್ಕಕ್ಕಾಗಿ ಒಂದು ಟ್ರ್ಯಾಕ್ಟರನ್ನು ತೆಗೆದುಕೊಳ್ಳೋಣ. ಹೊಸ ಟೈರುಗಳಿದ್ದಾಗ ಹಿಂದಿನ ಗಾಲಿ ಒಂದು ಸುತ್ತಿಗೆ 430 ಸೆಂ.ಮೀ., ಮುಂದಿನದು 316 ಸೆಂ.ಮೀ. ಉರುಳುತ್ತದೆ. ಇದನ್ನು ಉರುಳು ಸುತ್ತಳತೆ ಎನ್ನೋಣ. ಗೇರು ಪ್ರಮಾಣ 1.40. ಹಿಂದಿನ ಗಾಲಿ ಒಂದು ಸುತ್ತು ತಿರುಗುವಲ್ಲಿ ಮುಂದಿನದು 316 × 1.40 = 442.4 ಸೆಂ.ಮೀ. ಉರುಳಲು ಹೊರಡುತ್ತದೆ. 442.4ನ್ನು 430ರಿಂದ ಭಾಗಿಸಿದರೆ 1.029. ಅಂದರೆ ಮುನ್ನಡೆ ಶೇಕಡಾ 2.9. ಇದು ಸರಿಯಾದ ಜೋಡಿ.

ಟೈರಿನ ಉಬ್ಬುಪಟ್ಟಿಗಳು, ಅಂದರೆ ಲಗ್‌ಗಳು, 1.5 ಸೆಂ.ಮೀ. ಸವೆದರೆ ಉರುಳು ಸುತ್ತಳತೆ ಸುಮಾರು 9.4 ಸೆಂ.ಮೀ. ಕಡಿಮೆಯಾಗುತ್ತದೆ. ಮುಂದಿನವು ಇಷ್ಟು ಸವೆದಿರುವಾಗ ರೈತ ಹಿಂದಕ್ಕೆ ಮಾತ್ರ ಹೊಸ ಜೊತೆ ಹಾಕಿಸಿದನೆನ್ನಿ. ಮುಂದಿನದು 306.6, ಅದನ್ನು 1.40ರಿಂದ ಗುಣಿಸಿದರೆ 429.2. ಹಿಂದಿನದು 430. ಮುನ್ನಡೆ ಪೂರ್ತಿ ಹೋಗಿ ಕೂದಲೆಳೆಯ ಹಿನ್ನಡೆ ಉಳಿಯಿತು. ತದ್ವಿರುದ್ಧವಾಗಿ, ಹಿಂದಿನವು 1.5 ಸೆಂ.ಮೀ. ಸವೆದಿರುವಾಗ ಮುಂದಕ್ಕೆ ಹೊಸ ಜೊತೆ ಹಾಕಿಸಿದರೆ 442.4ನ್ನು 420.6ರಿಂದ ಭಾಗಿಸಬೇಕು; ಮುನ್ನಡೆ ಶೇಕಡಾ 5.2. ಹೊಸ ಟೈರು ಸವೆದಂತೆ ಇದು ತಾನಾಗಿ ಇಳಿಯುವುದರಿಂದ ಸ್ವಲ್ಪ ಕಾಲ ಸಹಿಸಬಹುದು. ಹಿಂದಿನವು 2.5 ಸೆಂ.ಮೀ. ಸವೆದು ಬೋಳಾಗುತ್ತ ಬಂದಿದ್ದರೆ ಶೇಕಡಾ 6.8, ಇದು ಮಿತಿಯಾಚೆ.

ಇಲ್ಲಿ ಗಮನಿಸಬೇಕಾದುದು, ಅದೇ 1.5 ಸೆಂ.ಮೀ. ಸವೆತ ದೊಡ್ಡ ಗಾಲಿಯಿಂದ ಶೇಕಡಾ 2.2ನ್ನು ಕಳೆದರೆ ಚಿಕ್ಕ ಗಾಲಿಯಿಂದ ಶೇಕಡಾ 3ನ್ನು ಕಳೆಯುತ್ತದೆ. ನಾಲ್ಕೂ ಸಮನಾಗಿ ಸವೆದರೂ ಮುನ್ನಡೆ ಇಳಿಯುತ್ತಲೇ ಹೋಗುತ್ತದೆ. ಅಲ್ಲದೆ ತುಸು ಬಿರುಸಾಗಿ ಓಡುವ ಮುಂದಿನ ಟೈರೇ ಸಾಧಾರಣವಾಗಿ ಮೊದಲು ಸವೆಯುವುದು. ಆದುದರಿಂದ ಹಣ ಒಂದು ಜೊತೆಗೆ ಮಾತ್ರ ಇದ್ದು ಎರಡೂ ಜೊತೆ ಅರ್ಧ ಸವೆದಿದ್ದರೆ ಮುಂದಿನ ಜೊತೆಯನ್ನು ಮೊದಲು ಬದಲಿಸುವುದು ಲೇಸು. ಹಿಂದಿನದನ್ನು ಹೊಸದು ಮಾಡಿ ಮುಂದಿನ ಬೋಳು ಟೈರನ್ನು ಇನ್ನೊಂದು ವರ್ಷ ಎಳೆಯೋಣವೆಂಬುದು ಅತ್ಯಂತ ದುಬಾರಿಯಾದ ಉಳಿತಾಯ. ಎಡ ಬಲಗಳಲ್ಲಿ ಒಂದನ್ನು ಮಾತ್ರ ಬದಲಿಸುವುದೂ ಬೇಡ, ಜೊತೆಯನ್ನೇ ಬದಲಿಸಬೇಕು.

ಹೊಲದಲ್ಲಿಯೇ ಅಳೆಯುವ ವಿಧಾನ

ಗೇರು ಪ್ರಮಾಣ ಕೈಪಿಡಿಯಲ್ಲಿ ಸಿಕ್ಕರೆ ಸರಿ. ಸಿಗದಿದ್ದರೂ ಚಿಂತೆಯಿಲ್ಲ. ಒಂದು ತುಂಡು ಸೀಮೆಸುಣ್ಣ, ಇಬ್ಬರು ಆಳು ಇದ್ದರೆ ಮುನ್ನಡೆಯನ್ನು ಅರ್ಧ ಗಂಟೆಯಲ್ಲಿ ತಿಳಿಯಬಹುದು. ಗ್ರಾಮ ಸೇವಕರೂ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯೂ ಇದನ್ನು ಒಮ್ಮೆ ಸ್ವತಃ ಮಾಡಿ ನೋಡಿದರೆ ರೈತರಿಗೆ ತೋರಿಸುವುದು ಸುಲಭ.

ಮೊದಲು ನಾಲ್ಕು ಟೈರುಗಳ ಮಣ್ಣು ಕೆರೆದು, ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತಂದುಕೊಳ್ಳಬೇಕು. ಕೆಲಸದಲ್ಲಿ ಹೇರುವ ತೂಕಗಳು ಸ್ವಸ್ಥಾನದಲ್ಲಿರಲಿ. ಟೈರಿಗೆ ನೀರು ತುಂಬುವ ಅಭ್ಯಾಸವಿದ್ದರೆ ನೀರೂ ಇರಲಿ. ಉಪಕರಣವನ್ನು ಕಳಚಬೇಕು. ಒಂದು ಹಿಂದಿನ ಗಾಲಿಗೆ, ಅದೇ ಪಕ್ಕದ ಮುಂದಿನ ಗಾಲಿಗೆ ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು.

ಮೊದಲನೆಯ ಓಟ ಸಡಿಲ ಮಣ್ಣಿನ ಸಮತಟ್ಟು ನೆಲದಲ್ಲಿ. ನಾಲ್ಕು ಚಕ್ರ ಚಾಲನೆಯ ಲಿವರ್ ಹಾಕಿ, ಕಡಿಮೆ ಗೇರಿನಲ್ಲಿ ನೇರವಾಗಿ ಓಡಿಸಬೇಕು. ಗಟ್ಟಿ ನೆಲದಲ್ಲಿ ಈ ಓಟ ಬೇಡ. ಒಬ್ಬನು ಹಿಂದಿನ ಗಾಲಿಯ ಸುತ್ತುಗಳನ್ನು ಎಣಿಸುತ್ತ 20 ಆದೊಡನೆ ನಿಲ್ಲಿಸಲು ಕೂಗಬೇಕು. ಇನ್ನೊಬ್ಬನು ಅಷ್ಟರಲ್ಲಿ ಮುಂದಿನ ಗಾಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಬೇಕು. ಉಳಿದ ಅರೆಸುತ್ತನ್ನು ಕಣ್ಣಳತೆಗೆ ಬಿಡಬಾರದು. ಟೈರಿನ ಒಂದು ಪಕ್ಕದ ಲಗ್‌ಗಳನ್ನು ಮೊದಲೇ ಎಣಿಸಿಟ್ಟುಕೊಂಡರೆ ಭಾಗವನ್ನು ತಿಳಿಯುವುದು ಸುಲಭ. ಒಂದು ಪಕ್ಕಕ್ಕೆ 20 ಲಗ್ ಇದ್ದು 4 ಲಗ್ ಮುಂದೆ ಹೋಗಿದ್ದರೆ 0.2 ಸುತ್ತು.

ಎರಡನೆಯ ಓಟ ಗಟ್ಟಿ ನೆಲದಲ್ಲಿ; ಕಣವಾದರೂ ಆದೀತು. ಲಿವರ್ ಬಿಡಿಸಿ, ಹಿಂದಿನ ಗಾಲಿಗಳ ಚಾಲನೆಯಿಂದಷ್ಟೇ ನಿಧಾನವಾಗಿ ಓಡಿಸಿ, ಮತ್ತೆ ಹಿಂದಿನ ಗಾಲಿಯ 20 ಸುತ್ತಿಗೆ ಮುಂದಿನ ಗಾಲಿಯ ಸುತ್ತುಗಳನ್ನು ಎಣಿಸಬೇಕು. ಈಗ ಮುಂದಿನ ಗಾಲಿ ಗೇರಿನ ಅಂಕೆಯಿಲ್ಲದೆ ನೆಲದೊಡನೆ ತನ್ನಷ್ಟಕ್ಕೆ ಉರುಳುತ್ತಿರುತ್ತದೆ.

ಮೊದಲನೆಯ ಎಣಿಕೆಯನ್ನು ಎರಡನೆಯದರಿಂದ ಭಾಗಿಸಿ, 1ನ್ನು ಕಳೆದು, 100ರಿಂದ ಗುಣಿಸಿದರೆ ಮುನ್ನಡೆಯ ಶೇಕಡಾ ದೊರೆಯುತ್ತದೆ. ಮೇಲೆ ಹೇಳಿದ ಟ್ರ್ಯಾಕ್ಟರಿನಲ್ಲಿ ಮೊದಲನೆಯದು 28, ಎರಡನೆಯದು 27.2 ಬರುತ್ತದೆ. 28ನ್ನು 27.2ರಿಂದ ಭಾಗಿಸಿದರೆ 1.029. ಎರಡನೆಯ ಎಣಿಕೆ ಮೊದಲನೆಯದಕ್ಕಿಂತ ಹೆಚ್ಚಾದರೆ ಹಿನ್ನಡೆಯೆಂದು ತಿಳಿಯಬೇಕು. ಕಾಲು ಸುತ್ತು ತಪ್ಪಿದರೂ ಉತ್ತರ ಸುಮಾರು ಶೇಕಡಾ 1ರಷ್ಟು ಕೆಡುವುದರಿಂದ ಎರಡೆರಡು ಬಾರಿ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು. 10 ಸುತ್ತಿಗೆ ಮುಗಿಸುವ ಅವಸರ ಬೇಡ.

ಟೈರು ಹಾಕಿಸುವ ಮುನ್ನವೇ ಲೆಕ್ಕ ಬೇಕಿದ್ದರೆ ಟೇಪಿನ ಕೆಲಸವೂ ಉಂಟು. ಲಿವರ್ ಬಿಡಿಸಿದ ಸ್ಥಿತಿಯಲ್ಲಿ ಗಟ್ಟಿ ನೆಲದ ಮೇಲೆ ಗಾಲಿ 5 ಸುತ್ತು ಉರುಳಿದ ದೂರವನ್ನು ಅಳೆದು 5ರಿಂದ ಭಾಗಿಸಿದರೆ ಉರುಳು ಸುತ್ತಳತೆ ಸಿಗುತ್ತದೆ. ಟೈರು ಕಂಪನಿಗಳ ಅಳತೆ ಪುಸ್ತಕದಲ್ಲಿ ಪ್ರತಿ ಟೈರಿನ ಉರುಳು ಸುತ್ತಳತೆಯನ್ನು ಕೊಟ್ಟಿರುತ್ತಾರೆ. ಅಂಗಡಿಯವರನ್ನು ಅದನ್ನೇ ಕೇಳಬೇಕು. ಪೇಟೆಗೆ ಹೊರಡುವ ಮುನ್ನ ನಾಲ್ಕೂ ಟೈರಿನ ಅಂಕಿ, ಕಂಪನಿಯ ಹೆಸರು, ಲಗ್ಗಿನ ಉಳಿದ ಎತ್ತರ, ಅಳೆದ ಸುತ್ತಳತೆ ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋದವನಿಗೆ ಯಾರೂ ಸಿಕ್ಕಿದ್ದನ್ನು ಕಟ್ಟಿ ಕಳುಹಿಸಲಾರರು. ಮುಂದಿನ ಟೈರಿನ ಪಕ್ಕೆಯಲ್ಲಿರುವ ಬಾಣದ ಗುರುತು ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೆ ಇದೆಯೇ ಎಂಬುದನ್ನೂ ಕೂರಿಸುವಾಗಲೇ ನೋಡಬೇಕು.

ಅಳೆದಾಗ ಮುನ್ನಡೆ ಅರ್ಧ ಅಥವಾ ಒಂದು ಶೇಕಡಾ ಹೆಚ್ಚು ಕಡಿಮೆಯಿದ್ದರೆ ಗಾಳಿಯಿಂದಲೇ ತಿದ್ದಬಹುದು. ಮುನ್ನಡೆ ಹೆಚ್ಚಿದ್ದರೆ ಮುಂದಿನ ಗಾಳಿಯನ್ನು ತುಸು ಇಳಿಸಿ ಹಿಂದಿನದನ್ನು ತುಸು ಏರಿಸಬೇಕು; ಕಡಿಮೆಯಿದ್ದರೆ ಇದಕ್ಕೆ ವಿರುದ್ಧ. ಎರಡೂ ಟೈರು ಕಂಪನಿ ಹೇಳಿದ ಮಿತಿಯೊಳಗೇ ಇರಬೇಕು. ತಪ್ಪು ಅಳತೆಯ ಟೈರನ್ನು ಗಾಳಿಯಿಂದ ಸರಿಮಾಡಲು ಹೊರಡುವುದು ವ್ಯರ್ಥ.

ರಸ್ತೆ, ಕೆಸರು, ಕೇಜ್ ವೀಲ್

ಟೈರಿನ ಜೋಡಿ ಎಷ್ಟೇ ಸರಿಯಿದ್ದರೂ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಹಾಕಿಕೊಂಡು ಹೋಗಬಾರದು. ಮಣ್ಣಿನಲ್ಲಿ ಮುನ್ನಡೆಯ ಶೇಕಡಾ 3ನ್ನು ಮಣ್ಣೇ ಸರಿದು ನುಂಗಿಕೊಳ್ಳುತ್ತದೆ. ಡಾಂಬರು ಸರಿಯುವುದಿಲ್ಲ, ಟೈರೇ ಸವೆಯಬೇಕು. ಒಂದು ಕಿಲೋಮೀಟರಿಗೆ ಶೇಕಡಾ 3 ಎಂದರೆ 30 ಮೀಟರು. ಕಬ್ಬು ಹೇರಿಕೊಂಡು 20 ಕಿ.ಮೀ. ದೂರದ ಕಾರ್ಖಾನೆಗೆ ಲಿವರ್ ಹಾಕಿಯೇ ಹೋದ ಚಾಲಕ 600 ಮೀಟರಿನಷ್ಟು ದೂರ ಟೈರನ್ನು ರಸ್ತೆಗೆ ಉಜ್ಜಿಕೊಂಡು ಹೋದಂತೆ. ಮಲೆನಾಡಿನ ಜಾರುವ ಇಳಿಜಾರಿನಲ್ಲಿ ಮುಂದಿನ ಗಾಲಿಗಳ ತಡೆಯೂ ಬೇಕಾಗಬಹುದು. ಅಲ್ಲಿ ಕೈಪಿಡಿಯ ಸೂಚನೆಯಂತೆ ನಡೆಯಬೇಕು. ಉಳಿದಂತೆ ಲಿವರ್ ಹಾಕಬೇಕಾದದ್ದು ಹೊಲದಲ್ಲಿ, ಬಿಡಿಸಬೇಕಾದದ್ದು ರಸ್ತೆ ಹತ್ತುವ ಮುನ್ನ.

ಭತ್ತದ ಪ್ರದೇಶದಲ್ಲಿ ಹಿಂದಿನ ಟೈರನ್ನು ಕಳಚಿ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರದ ಗಾಲಿ ಹಾಕುವ ರೂಢಿಯಿದೆ. ಕೆಲವರು ಟೈರನ್ನು ಉಳಿಸಿಕೊಂಡು ಅದರ ಪಕ್ಕಕ್ಕೆ ಅರ್ಧ ಪಂಜರವನ್ನು ಕೂಡಿಸುತ್ತಾರೆ. ಪೂರ್ಣ ಪಂಜರವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಾಗ ಎತ್ತರದ ಕಡೆ ಗಮನ ಹೋಗುವುದೇ ಅಪರೂಪ. ಮೇಲಿನ ಟ್ರ್ಯಾಕ್ಟರಿಗೆ 130 ಸೆಂ.ಮೀ. ವ್ಯಾಸದ ಪಂಜರ ಹಾಕಿದರೆ ಅದರ ಸುತ್ತಳತೆ 408 ಸೆಂ.ಮೀ.; ಮುನ್ನಡೆ ಶೇಕಡಾ 8 ದಾಟುತ್ತದೆ. ಆಳದ ಕೆಸರಿನಲ್ಲಿ ಎಲ್ಲ ಗಾಲಿಗಳೂ ಜಾರುತ್ತಲೇ ಇರುವುದರಿಂದ ಗೇರಿಗೆ ತಕ್ಷಣ ಪೆಟ್ಟು ತಗಲುವುದಿಲ್ಲ. ಅಪಾಯವಿರುವುದು ಕೆಸರಿನಿಂದ ಬದುವಿಗೆ, ಬದುವಿನಿಂದ ಗಟ್ಟಿ ನೆಲಕ್ಕೆ ಹತ್ತುವಾಗ. ಅಲ್ಲಿ ಲಿವರ್ ಬಿಡಿಸದೆ ಎಂಜಿನಿಗೆ ಒತ್ತುಕೊಟ್ಟರೆ ಇಡೀ ವ್ಯತ್ಯಾಸ ಮುಂದಿನ ಅಚ್ಚಿನ ಗೇರಿನ ಮೇಲೆ ಬೀಳುತ್ತದೆ. ಹೊಸದಾಗಿ ಪಂಜರ ಮಾಡಿಸುವವರು ಅದರ ಹೊರ ವ್ಯಾಸ, ಭಾರಕ್ಕೆ ತಗ್ಗಿದ ಟೈರಿನ ಉರುಳು ಸುತ್ತಳತೆಯನ್ನು 3.14ರಿಂದ ಭಾಗಿಸಿದಷ್ಟು ಇರುವಂತೆ ಹೇಳಿ ಮಾಡಿಸಬೇಕು. ಇಲ್ಲಿ 430ನ್ನು ಭಾಗಿಸಿದರೆ ಸುಮಾರು 137 ಸೆಂ.ಮೀ. ಪಂಜರದ ಗಾಲಿಯಲ್ಲಿ ಡಾಂಬರು ರಸ್ತೆಗಿಳಿದರೆ ರಸ್ತೆಯೂ ಕಿತ್ತುಹೋಗುತ್ತದೆ ಎಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಜೋಡಿ ಕೆಟ್ಟಿರುವುದರ ಲಕ್ಷಣಗಳನ್ನು ಚಾಲಕನೇ ಮೊದಲು ಕಾಣುತ್ತಾನೆ. ಕೆಲಸ ಮುಗಿಸಿದ ಮೇಲೆ ಲಿವರ್ ಬಿಗಿದುಕೊಂಡು ಬಿಡಿಸಲು ಬಾರದಿರುವುದು, ನಾಲ್ಕಡಿ ಹಿಂದಕ್ಕೆ ಓಡಿಸಿದೊಡನೆ ಟಕ್ಕೆಂದು ಬಿಡುವುದು ಮೊದಲನೆಯ ಲಕ್ಷಣ. ಲಿವರ್ ಹಾಕಿದಾಗ ಸ್ಟಿಯರಿಂಗ್ ತೀರ ಭಾರವಾಗುವುದು, ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರು ಕುಕ್ಕುವುದು, ಮುಂದಿನ ಲಗ್‌ಗಳ ಒಂದೇ ಅಂಚು ಗರಗಸದ ಹಲ್ಲಿನಂತೆ ಸವೆಯುವುದು ಉಳಿದವು. ಬಾಡಿಗೆಗೆ ಓಡುವ ಟ್ರ್ಯಾಕ್ಟರುಗಳಲ್ಲಿ, ಕೃಷಿ ಯಂತ್ರಧಾರೆ ಕೇಂದ್ರಗಳಂತೆ ಅನೇಕ ಚಾಲಕರ ಕೈಗೆ ಹೋಗುವ ಯಂತ್ರಗಳಲ್ಲಿ, ಈ ಲಕ್ಷಣಗಳನ್ನು ಬರೆದಿಡುವ ಒಂದು ಪುಸ್ತಕವಿರುವುದು ಅಗತ್ಯ. ಒಬ್ಬನು ಕಂಡ ಬಿಗಿತವನ್ನು ಇನ್ನೊಬ್ಬನು ಅರಿಯದೆ ಓಡಿಸಿದರೆ ಕಟ್ಟಕಡೆಗೆ ಬಿರುಕು ಬಿಡುವುದು ಗೇರಿನ ಹಲ್ಲು.

ಹಳೆಯ ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರನ್ನು ಕೊಳ್ಳುವವರು ಈ ಪರೀಕ್ಷೆಯನ್ನು ಮುಂಗಡ ಕೊಡುವ ಮೊದಲೇ ಮಾಡಬೇಕು. ಮಾರುವವನು ಮುಂದಕ್ಕೆ ಹೊಚ್ಚ ಹೊಸ ಟೈರು ಹಾಕಿ ನಿಲ್ಲಿಸಿದ್ದರೆ ಸಂತೋಷಪಡುವ ಬದಲು ಹಳೆಯವು ಎಲ್ಲಿ, ಹೇಗೆ ಸವೆದಿದ್ದವು ಎಂದು ಕೇಳುವುದು ಮೇಲು. ಕೈಪಿಡಿ ಇಲ್ಲದಿದ್ದರೆ ಆ ಮಾದರಿಯ ಪರೀಕ್ಷಾ ವರದಿಯನ್ನು ಹುಡುಕಬಹುದು. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸುತ್ತದೆ. ಅದರ ವರದಿಗಳಲ್ಲಿ ಮುಂದಿನ ಹಿಂದಿನ ಟೈರುಗಳ ಅಳತೆಯನ್ನೂ ಗಾಳಿಯ ಒತ್ತಡವನ್ನೂ ನಮೂದಿಸಿರುತ್ತಾರೆ. ನಮಗೆ ಹತ್ತಿರದ ಇಂಥ ಸಂಸ್ಥೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಕೃಷಿ ಯಂತ್ರಗಳ ಬಳಕೆ, ದುರಸ್ತಿ, ಪಾಲನೆಗಳಲ್ಲಿ ರೈತರಿಗೂ ಚಾಲಕರಿಗೂ ಅಲ್ಲಿ ತರಬೇತಿ ಕೊಡುತ್ತಾರೆ.